ಪಂಪ್‌ಹೌಸಿನ ಪುಟ್ಟ ಕಂಪ್ಯೂಟರಿಗೆ ತಂತಿ ಸಂಪರ್ಕ ತಪ್ಪಿದಾಗ

ಹನಿ ನೀರಾವರಿ ಅಳವಡಿಸಿರುವ ಕೆಲವು ತೋಟಗಳಲ್ಲಿ ಮತ್ತು ಪಾಲಿಹೌಸುಗಳಲ್ಲಿ ಈಗ ಒಂದು ಪುಟ್ಟ ಕಂಪ್ಯೂಟರ್ ಕಾಣಸಿಗುತ್ತದೆ. ಅಂಗೈ ಅಗಲದ ಈ ಯಂತ್ರವು ತೊಟ್ಟಿಯ ನೀರಿನ ಮಟ್ಟ, ಮಣ್ಣಿನ ತೇವಾಂಶ ಮತ್ತು ಪಾಲಿಹೌಸಿನ ಉಷ್ಣಾಂಶವನ್ನು ಅಳೆದು ಬರೆದಿಡುತ್ತದೆ. ಗೊತ್ತುಪಡಿಸಿದ ವೇಳೆಗೆ ವಾಲ್ವ್ ತೆರೆಯುತ್ತದೆ. ರೈತನ ಮೊಬೈಲಿಗೆ ವರದಿ ಕಳಿಸುತ್ತದೆ. ಇಂತಹ ಯಂತ್ರಗಳಲ್ಲಿ ಹೆಸರಾದದ್ದು 2012ರಲ್ಲಿ ಇಂಗ್ಲೆಂಡಿನಿಂದ ಮೊದಲು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ. ಇದನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಪಂಪ್‌ಹೌಸಿನ ತಗಡಿನ ಗೋಡೆಗಳನ್ನು ದಾಟಿ ವೈಫೈ ಸರಿಯಾಗಿ ಹಾಯುವುದಿಲ್ಲವಾದ್ದರಿಂದ ಮನೆಯ ರೂಟರಿನಿಂದ ಪಂಪ್‌ಹೌಸಿಗೆ ಲ್ಯಾನ್ ಕೇಬಲ್ ಎಳೆಯುವುದು ರೂಢಿ. ಈ ತಂತಿ ಸಂಪರ್ಕ ತಪ್ಪಿದಾಗ ದೋಷವನ್ನು ರೈತರೇ ಹೇಗೆ ಪತ್ತೆ ಹಚ್ಚಬಹುದೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಬೇಸಿಗೆಯಲ್ಲಿ ದೊಣ್ಣೆ ಮೆಣಸಿನಕಾಯಿಯ ಪಾಲಿಹೌಸೊಂದರಲ್ಲಿ ಮೊಬೈಲಿಗೆ ವರದಿ ಬರುವುದು ನಿಂತಿತು. ಕಂಪ್ಯೂಟರೇ ಕೆಟ್ಟಿದೆಯೆಂದು ಭಾವಿಸಿದ ಬೆಳೆಗಾರರು ಅದರ ಮೆಮೊರಿ ಕಾರ್ಡನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಸಿದರು. ಹಿಂದಿನ ಎರಡು ಬೆಳೆಗಳಿಗೆ ಕೊಟ್ಟ ನೀರು ಮತ್ತು ರಸಗೊಬ್ಬರದ ಲೆಕ್ಕವೆಲ್ಲ ಅದರಲ್ಲಿಯೇ ಇತ್ತು, ಅದೂ ಹೋಯಿತು. ಸಂಪರ್ಕ ಮಾತ್ರ ಬರಲಿಲ್ಲ. ಈ ಓಡಾಟದ ನಡುವೆ ಫಿಲ್ಟರ್ ಕಟ್ಟಿಕೊಂಡದ್ದು ಯಾರ ಗಮನಕ್ಕೂ ಬಾರದೆ ಎರಡು ಸಾಲು ಗಿಡಗಳು ಬಾಡಿದವು. ಕೊನೆಗೆ ನೋಡಿದರೆ ಕೊಳವೆಯ ಬಾಯಿಯ ಬಳಿ ಕೇಬಲ್ಲನ್ನು ಇಲಿ ಕಡಿದಿತ್ತು. ಒಂದು ಕನೆಕ್ಟರ್ ಹಾಕಿದರೆ ತೀರುತ್ತಿದ್ದ ಕೆಲಸವದು.

ಬೇರು ಕೊಳೆತಾಗ ಎಲೆ ಹಳದಿಯಾಗುತ್ತದೆ. ಆಗ ಎಲೆಗೆ ಔಷಧಿ ಸಿಂಪಡಿಸಿದರೆ ಫಲವಿಲ್ಲವೆಂಬುದು ರೈತರಿಗೆ ಗೊತ್ತಿರುವ ಮಾತು. ಇಲ್ಲಿಯೂ ಅದೇ ಕ್ರಮ ಅನುಸರಿಸಬೇಕು. ಮೊದಲು ವಿದ್ಯುತ್ತು, ಅನಂತರ ಸಾಕೆಟ್ಟಿನ ದೀಪ, ಆಮೇಲೆ ಕೇಬಲ್, ವಿಳಾಸ, ರೂಟರ್, ಕೊನೆಗೆ ಹೊರಗಿನ ಇಂಟರ್‌ನೆಟ್ ಹೀಗೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಒಂದು ಮೆಟ್ಟಿಲು ಸರಿಯಿದೆಯೆಂದು ಖಚಿತವಾಗುವವರೆಗೆ ಮುಂದಿನದಕ್ಕೆ ಕಾಲಿಡಬಾರದು. ಮೆಮೊರಿ ಕಾರ್ಡನ್ನು ಅಳಿಸುವುದು ಎಲ್ಲಕ್ಕೂ ಕೊನೆಯ ಉಪಾಯ.

ಮೊದಲು ಸುರಕ್ಷತೆ

ಪಂಪ್‌ಹೌಸಿನಲ್ಲಿ 415 ವೋಲ್ಟಿನ ಮೂರು ಫೇಸ್ ವಿದ್ಯುತ್ತು ಇರುವುದುಂಟು. ಸ್ಟಾರ್ಟರ್ ಪೆಟ್ಟಿಗೆಯ ಒಳಗಿನ ಯಾವುದೇ ಕೆಲಸಕ್ಕೆ ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಒದ್ದೆ ಕೈಯಲ್ಲಿ, ನೀರು ನಿಂತ ನೆಲದ ಮೇಲೆ ನಿಂತು ಯಾವ ತಂತಿಯನ್ನೂ ಮುಟ್ಟಬಾರದು. ಗುಡುಗು ಸಿಡಿಲಿರುವಾಗ ಹೊಲದ ಉದ್ದಕ್ಕೆ ಎಳೆದ ಕೇಬಲ್ಲನ್ನು ಮುಟ್ಟುವುದು ಅಪಾಯ. ಮಳೆ ಸಂಪೂರ್ಣ ನಿಂತ ಮೇಲೆ ಕೆಲಸ ಆರಂಭಿಸಬೇಕು.

1. ವಿದ್ಯುತ್ ಪೂರೈಕೆ

ಪುಟ್ಟ ಕಂಪ್ಯೂಟರಿಗೆ ಬೇಕಾದದ್ದು ಸುಮಾರು 5 ವೋಲ್ಟಿನ ನೇರ ವಿದ್ಯುತ್ತು. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಮಾದರಿಗೆ 3 ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇಕು. ಅದಕ್ಕಿಂತ ಹಿಂದಿನ ಪೈ 3ಕ್ಕೆ 2.5 ಆಂಪಿಯರ್ ಸಾಕು. ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ಯಂತ್ರ ಮೇಲ್ನೋಟಕ್ಕೆ ನಡೆಯುತ್ತದೆ. ಆದರೆ ಮೋಟರ್ ಚಾಲೂ ಆದಾಗ ವೋಲ್ಟೇಜ್ ಕುಸಿದು ಸಂಪರ್ಕ ತಪ್ಪುತ್ತದೆ, ಕೆಲವೊಮ್ಮೆ ಕಾರ್ಡೂ ಕೆಡುತ್ತದೆ.

ಹಲಗೆಯ ಮೇಲಿನ ಕೆಂಪು ದೀಪವನ್ನು ಗಮನಿಸಿರಿ. ಹಲವು ಮಾದರಿಗಳಲ್ಲಿ ವೋಲ್ಟೇಜ್ ಸುಮಾರು 4.6ಕ್ಕಿಂತ ಕೆಳಗಿಳಿದರೆ ಈ ದೀಪ ಆರುತ್ತದೆ ಅಥವಾ ಮಿನುಗುತ್ತದೆ. ತೆರೆ ಜೋಡಿಸಿದ್ದರೆ ಅದರ ಮೂಲೆಯಲ್ಲಿ ಮಿಂಚಿನ ಗುರುತೂ ಕಾಣಿಸಬಹುದು. ಹಾಗಿದ್ದಲ್ಲಿ ಅಡಾಪ್ಟರ್ ಬದಲಿಸಿದ ಮೇಲೆಯೇ ಮುಂದಿನ ಪರೀಕ್ಷೆ ಮಾಡಬೇಕು. ಮನೆಯಲ್ಲಿರುವ ರೂಟರಿಗೂ ವಿದ್ಯುತ್ತು ಇದೆಯೇ ಎಂದು ನೋಡುವುದನ್ನು ಮರೆಯಬಾರದು.

2. ಸಾಕೆಟ್ಟಿನ ದೀಪ

ಲ್ಯಾನ್ ಕೇಬಲ್ ಸೇರುವ ಸಾಕೆಟ್ಟಿನಲ್ಲಿ ಎರಡು ಪುಟ್ಟ ದೀಪಗಳಿರುತ್ತವೆ. ಬಣ್ಣ ಮಾದರಿಯಿಂದ ಮಾದರಿಗೆ ಬೇರೆಯಾದರೂ ಅರ್ಥ ಒಂದೇ: ಕೇಬಲ್ ಎರಡೂ ತುದಿಯಲ್ಲಿ ಸರಿಯಾಗಿ ಸೇರಿ ಯಂತ್ರಗಳು ಒಂದನ್ನೊಂದು ಗುರುತಿಸಿದರೆ ದೀಪ ಹತ್ತುತ್ತದೆ, ಮಾಹಿತಿ ಓಡಾಡುವಾಗ ಮಿನುಗುತ್ತದೆ. ರೂಟರಿನ ಸಾಕೆಟ್ಟಿಗೂ ಇಂತಹ ದೀಪ ಇರುವುದುಂಟು.

ಎರಡೂ ಕಡೆ ದೀಪ ಹತ್ತಿದ್ದರೆ ಕೇಬಲ್ ಬಹುಮಟ್ಟಿಗೆ ಸರಿ ಇದೆ; ನೇರವಾಗಿ 4ನೇ ಹಂತಕ್ಕೆ ಹೋಗಬಹುದು. ದೀಪವೇ ಹತ್ತದಿದ್ದರೆ ಕಂಪ್ಯೂಟರಿನ ಒಳಗಿನ ಯಾವ ಏರ್ಪಾಟನ್ನು ಬದಲಿಸಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಮೊದಲು ಕನೆಕ್ಟರನ್ನು ತೆಗೆದು, ಕಟ್ ಎಂದು ಸದ್ದಾಗುವವರೆಗೆ ಮತ್ತೆ ಒತ್ತಿ ಹಾಕಬೇಕು. ರೂಟರಿನ ಇನ್ನೊಂದು ಸಾಕೆಟ್ಟಿಗೆ ಬದಲಿಸಿ ನೋಡಬೇಕು. ಸಾಕೆಟ್ಟಿನ ಒಳಗೆ ಜೇಡರ ಬಲೆ, ಹಸಿರು ಕಿಲುಬು ಅಥವಾ ಸುಟ್ಟ ಗುರುತು ಇದೆಯೇ ಎಂದು ಟಾರ್ಚ್ ಬಿಟ್ಟು ಪರೀಕ್ಷಿಸಬೇಕು.

ಇಷ್ಟಕ್ಕೂ ದೀಪ ಹತ್ತದಿದ್ದಲ್ಲಿ ಬಹು ಉಪಯುಕ್ತವಾದ ಒಂದು ಪರೀಕ್ಷೆ ಇದೆ. ಕಂಪ್ಯೂಟರನ್ನು ಕ್ರಮವಾಗಿ ನಿಲ್ಲಿಸಿ, ಬಿಚ್ಚಿ, ಅದರದೇ ಅಡಾಪ್ಟರಿನೊಂದಿಗೆ ಮನೆಗೆ ತಂದು, ಸರಿಯಿದೆಯೆಂದು ಗೊತ್ತಿರುವ ಗೇಣುದ್ದದ ಕೇಬಲ್ಲಿನಿಂದ ರೂಟರಿಗೆ ಜೋಡಿಸಬೇಕು. ದೀಪ ಹತ್ತಿದರೆ ಕಂಪ್ಯೂಟರೂ ರೂಟರೂ ನಿರ್ದೋಷಿ, ಉದ್ದದ ಕೇಬಲ್ಲೇ ದೋಷಿ. ಹತ್ತದಿದ್ದರೆ ಅದೇ ಗಿಡ್ಡ ಕೇಬಲ್ಲನ್ನು ಬೇರೊಂದು ಯಂತ್ರಕ್ಕೆ ಹಾಕಿ ನೋಡಿದರೆ ರೂಟರೋ ಕಂಪ್ಯೂಟರೋ ಎಂಬುದು ತೀರ್ಮಾನವಾಗುತ್ತದೆ. ಹತ್ತು ನಿಮಿಷದ ಈ ಪರೀಕ್ಷೆಯಿಂದ ದೋಷ ಹುಡುಕುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಸಿಡಿಲಿನಿಂದ ಕಂಪ್ಯೂಟರಿನ ಸಾಕೆಟ್ ಮಾತ್ರ ಕೆಟ್ಟು ಉಳಿದ ಭಾಗ ಚೆನ್ನಾಗಿರುವುದೂ ಉಂಟು. ಆಗ ಇಡೀ ಹಲಗೆಯನ್ನು ಎಸೆಯಬೇಕಾಗಿಲ್ಲ. ಯುಎಸ್‌ಬಿ ಕಿಂಡಿಗೆ ಹಾಕುವ ಲ್ಯಾನ್ ಅಡಾಪ್ಟರ್ ಅಂಗಡಿಗಳಲ್ಲಿ ದೊರೆಯುತ್ತದೆ. ಲಿನಕ್ಸ್ ಇಂತಹ ಬಹುಪಾಲು ಅಡಾಪ್ಟರುಗಳನ್ನು ತಾನೇ ಗುರುತಿಸಿಕೊಳ್ಳುತ್ತದೆ.

3. ಕೇಬಲ್

ಲ್ಯಾನ್ ಕೇಬಲ್ಲಿನಲ್ಲಿ ಎರಡೆರಡಾಗಿ ಹೊಸೆದ ನಾಲ್ಕು ಜೊತೆ, ಅಂದರೆ ಎಂಟು ತಂತಿಗಳಿರುತ್ತವೆ. ರೂಟರಿನಿಂದ ಕಂಪ್ಯೂಟರಿಗೆ ಒಟ್ಟು ಉದ್ದ 100 ಮೀಟರ್ ಮೀರಬಾರದು. ಪಂಪ್‌ಹೌಸ್ ಅದಕ್ಕಿಂತ ದೂರವಿದ್ದರೆ ಆಪ್ಟಿಕಲ್ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕುವುದು ಸೂಕ್ತ. ಫೈಬರಿನ ಎಳೆ ಗಾಜಿನದಾದ್ದರಿಂದ ಅದು ವಿದ್ಯುತ್ತನ್ನು ಹಾಯಿಸುವುದಿಲ್ಲ. ಸಿಡಿಲಿನ ಭಯವಿರುವ ತೋಟಗಳಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಲೋಹದ ಕವಚವಿಲ್ಲದ ಫೈಬರನ್ನೇ ಕೇಳಿ ಕೊಳ್ಳಬೇಕು.

ಕೇಬಲ್ಲಿನ ದೋಷಗಳು ಹೆಚ್ಚಾಗಿ ಕೆಳಗಿನ ಸ್ಥಳಗಳಲ್ಲಿ ಕಂಡುಬರುತ್ತವೆ:

(ಅ) ಎರಡು ತುದಿಯ ಕನೆಕ್ಟರುಗಳಲ್ಲಿ. ರಸಗೊಬ್ಬರದ ಧೂಳು ಮತ್ತು ತೇವದಿಂದ ಇಲ್ಲಿ ಕಿಲುಬು ಹಿಡಿಯುತ್ತದೆ.

(ಆ) ಕೊಳವೆಯೊಳಗೆ ಹೋಗುವ ಮತ್ತು ಹೊರಬರುವ ಬಾಯಿಯಲ್ಲಿ. ಇಲಿ, ಅಳಿಲು ಕಡಿಯುವುದು ಇಲ್ಲಿಯೇ.

(ಇ) ಬಿಸಿಲಿಗೆ ತೆರೆದ ಭಾಗದಲ್ಲಿ. ಮನೆಯೊಳಗಿನ ಬಳಕೆಯ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಬಿರಿದು ನೀರು ಒಳಸೇರುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯ ಕೇಬಲ್ಲನ್ನು ಕೇಳಿ ಕೊಳ್ಳಬೇಕು.

(ಈ) ಗುದ್ದಲಿ, ನೇಗಿಲು, ಟಿಲ್ಲರ್ ತಾಗುವ ಜಾಗಗಳಲ್ಲಿ.

ಇದಲ್ಲದೆ ಅಗ್ಗದ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಅದು ಬಗ್ಗಿಸಿದಲ್ಲಿ ಬೇಗ ತುಂಡಾಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬಿಳಿ ಲೋಹ ಕಂಡಲ್ಲಿ ಅದು ಶುದ್ಧ ತಾಮ್ರವಲ್ಲವೆಂದು ತಿಳಿಯಬೇಕು.

ಎಂಟು ದೀಪಗಳ ಕೇಬಲ್ ಟೆಸ್ಟರ್ ಇದ್ದರೆ ಪರೀಕ್ಷೆ ಸುಲಭ. ಎರಡು ತುದಿಯಲ್ಲೂ 1ರಿಂದ 8ರವರೆಗೆ ದೀಪಗಳು ಕ್ರಮವಾಗಿ ಹತ್ತಬೇಕು. ಯಾವುದಾದರೂ ಹತ್ತದಿದ್ದರೆ ಆ ತಂತಿ ತುಂಡಾಗಿದೆ. ಕ್ರಮ ತಪ್ಪಿದರೆ ತಂತಿ ಅದಲುಬದಲಾಗಿದೆ. ವಿಸ್ತರಣಾ ಕಾರ್ಯಕರ್ತರು ಇಂತಹದೊಂದನ್ನು ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಟೆಸ್ಟರ್ ಹಚ್ಚುವಾಗ ಕೇಬಲ್ಲನ್ನು ಎರಡೂ ಯಂತ್ರಗಳಿಂದ ಬಿಡಿಸಿರಬೇಕು.

ಹೊಸ ಕನೆಕ್ಟರ್ ಹಾಕುವ ಕ್ರಮ: ಕೆಟ್ಟ ತುದಿಯನ್ನು ಕತ್ತರಿಸಿ, ಹೊರ ಹೊದಿಕೆಯನ್ನು ಒಂದು ಅಂಗುಲದಷ್ಟು ಬಿಡಿಸಿ, ತಂತಿಗಳನ್ನು ನೇರ ಮಾಡಿ, ಹೊಸೆತ ಬಿಚ್ಚಿದ ಭಾಗ ಅರ್ಧ ಅಂಗುಲ ಮೀರದಂತೆ ಸಮನಾಗಿ ಕತ್ತರಿಸಬೇಕು. ಕನೆಕ್ಟರಿನ ಕೊಕ್ಕೆ ಕೆಳಮುಖವಾಗಿ, ಲೋಹದ ಹಲ್ಲುಗಳು ಮೇಲ್ಮುಖವಾಗಿ, ತಂತಿ ತೂರಿಸುವ ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಎಡದಿಂದ ಬಲಕ್ಕೆ ತಂತಿಗಳ ಕ್ರಮ ಹೀಗಿರಲಿ: ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸಿರು, ನೀಲಿ, ಬಿಳಿ–ನೀಲಿ, ಹಸಿರು, ಬಿಳಿ–ಕಂದು, ಕಂದು. ಎಂಟೂ ತಂತಿಗಳು ತುದಿ ಮುಟ್ಟಿದ್ದನ್ನು ನೋಡಿ, ಹೊರ ಹೊದಿಕೆಯೂ ಕನೆಕ್ಟರಿನೊಳಗೆ ಸೇರಿರುವಂತೆ ಇಟ್ಟು ಕ್ರಿಂಪಿಂಗ್ ಇಕ್ಕಳದಿಂದ ಬಲವಾಗಿ ಒತ್ತಬೇಕು. ಇನ್ನೊಂದು ತುದಿಯಲ್ಲೂ ಇದೇ ಕ್ರಮವಿರಬೇಕು.

ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ 1, 2, 3 ಮತ್ತು 6ನೇ ತಂತಿಗಳು ಸಾಕು. 1000 ಮೆಗಾಬಿಟ್ ವೇಗಕ್ಕೆ ಎಂಟೂ ಬೇಕು. ಹೀಗಾಗಿ ನೀಲಿ ಅಥವಾ ಕಂದು ತಂತಿ ತುಂಡಾಗಿದ್ದರೆ ಹಳೆಯ ಪೈ 3ರಲ್ಲಿ ಸರಿಯಾಗಿದ್ದ ಕೇಬಲ್, ಹೆಚ್ಚು ವೇಗದ ಪೈ 4 ತಂದಾಗ ತೊಂದರೆ ಕೊಡಬಹುದು. ಹೊಸ ಯಂತ್ರವನ್ನು ದೂರುವ ಮೊದಲು ಇದನ್ನು ನೆನೆಯಬೇಕು.

4. ವಿಳಾಸ

ದೀಪ ಹತ್ತಿದ್ದರೂ ಸಂಪರ್ಕವಿಲ್ಲದಿದ್ದರೆ ಮಾತ್ರ ಕಂಪ್ಯೂಟರಿನೊಳಗೆ ನೋಡಬೇಕು. ಇದಕ್ಕೆ ಒಂದು ಕೀಲಿಮಣೆ ಮತ್ತು ತೆರೆ ಬೇಕು. ಎಚ್‌ಡಿಎಂಐ ಕಿಂಡಿಯಿರುವ ಮನೆಯ ಟಿವಿಯೇ ಸಾಕು. ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಿ, ಎರಡು ಪದಗಳ ನಡುವೆ ಸ್ಥಳ ಬಿಟ್ಟು, ಕೊನೆಗೆ ಎಂಟರ್ ಕೀಲಿ ಒತ್ತಬೇಕು.

ಮೊದಲ ಆದೇಶ "ಐಪಿ ಎ". ಇದರಲ್ಲಿ ಎರಡನೆಯ ಪದ ಎ ಎಂಬ ಒಂದೇ ಅಕ್ಷರ. ತೆರೆಯ ಮೇಲೆ ಬರುವ ಪಟ್ಟಿಯಲ್ಲಿ ತಂತಿ ಸಂಪರ್ಕದ ಹೆಸರು ಸಾಮಾನ್ಯವಾಗಿ "ಇಟಿಎಚ್0" ಎಂದಿರುತ್ತದೆ. ಅದರ ಮುಂದೆ "ನೋ ಕ್ಯಾರಿಯರ್" ಎಂದಿದ್ದರೆ ಕೇಬಲ್ಲಿನ ದೋಷ. 2ನೇ ಹಂತಕ್ಕೆ ಹಿಂದಿರುಗಬೇಕು. "ಸ್ಟೇಟ್ ಅಪ್" ಎಂದಿದ್ದರೆ ಕೇಬಲ್ ಸರಿ. ಅನಂತರ "ಇನೆಟ್" ಎಂದು ಆರಂಭವಾಗುವ ಸಾಲನ್ನು ನೋಡಿರಿ. "ಇನೆಟ್6" ಎಂಬುದು ಬೇರೆ ಸಾಲು. ಅದನ್ನು ಇದೆಂದು ತಿಳಿಯಬಾರದು.

"ಇನೆಟ್" ಸಾಲಿನಲ್ಲಿ 192.168.1.25ರಂತಹ ಸಂಖ್ಯೆ ಇರಬೇಕು. ಇದೇ ಯಂತ್ರದ ವಿಳಾಸ. ಸಾಮಾನ್ಯವಾಗಿ ಇದನ್ನು ರೂಟರ್ ಹಂಚುತ್ತದೆ. ಮೂರು ಬಗೆಯ ತೊಂದರೆ ಕಾಣಬಹುದು:

ಒಂದು, 169.254 ಎಂದು ಆರಂಭವಾಗುವ ವಿಳಾಸ ಇರಬಹುದು, ಇಲ್ಲವೆ ವಿಳಾಸವೇ ಇಲ್ಲದಿರಬಹುದು. ರೂಟರ್ ಉತ್ತರ ಕೊಟ್ಟಿಲ್ಲವೆಂದು ಇದರ ಅರ್ಥ. ರೂಟರನ್ನು ಆರಿಸಿ ಒಂದು ನಿಮಿಷ ಬಿಟ್ಟು ಹಾಕಿ, ಅದು ಸಿದ್ಧವಾದ ಮೇಲೆ ಕಂಪ್ಯೂಟರನ್ನು ಮತ್ತೆ ಆರಂಭಿಸಬೇಕು.

ಎರಡು, ಬೇರೆ ಬೀದಿಯ ವಿಳಾಸ. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಎಲ್ಲ ಯಂತ್ರಗಳ ವಿಳಾಸದ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರಬೇಕು. ಇಂಟರ್‌ನೆಟ್ ಕೊಡುವವರು ರೂಟರ್ ಬದಲಿಸಿ, ಹೊಸದು 192.168.0 ಸಾಲಿನದಾಗಿದ್ದು, ಕಂಪ್ಯೂಟರಿಗೆ ಹಿಂದೆಯೇ ಖಾಯಂ ಆಗಿ 192.168.1.25 ಎಂದು ಬರೆದಿಟ್ಟಿದ್ದರೆ ಎರಡರ ನಡುವೆ ಮಾತುಕತೆ ನಡೆಯದು. ರೂಟರ್ ಬದಲಾದ ಮರುದಿನದಿಂದ ವರದಿ ನಿಂತಿದ್ದರೆ ಮೊದಲು ಇದನ್ನೇ ಶಂಕಿಸಬೇಕು.

ಮೂರು, ಒಂದೇ ವಿಳಾಸಕ್ಕೆ ಇಬ್ಬರು. ಕಂಪ್ಯೂಟರಿಗೆ ಕೈಯಿಂದ ಬರೆದ ವಿಳಾಸವನ್ನೇ ರೂಟರ್ ಮನೆಯ ಟಿವಿಗೋ ಮೊಬೈಲಿಗೋ ಕೊಟ್ಟರೆ ಸಂಪರ್ಕ ಬಂದು ಬಂದು ಹೋಗುತ್ತದೆ.

ಇವಕ್ಕೆಲ್ಲ ಒಳ್ಳೆಯ ಪರಿಹಾರವೆಂದರೆ ಕಂಪ್ಯೂಟರಿನಲ್ಲಿ ವಿಳಾಸ ಬರೆಯದೆ, ರೂಟರಿನಲ್ಲಿಯೇ ಆ ಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸುವುದು. ಕಂಪ್ಯೂಟರಿನ ಏರ್ಪಾಟನ್ನು ತಿದ್ದಲು "ಸುಡೊ" ಎಂದು ಒತ್ತಿ, ಸ್ಥಳ ಬಿಟ್ಟು, ಎನ್, ಎಂ, ಟಿ, ಯು, ಐ ಎಂಬ ಐದು ಅಕ್ಷರಗಳನ್ನು ಕೂಡಿಸಿ ಒತ್ತಿದರೆ ಪಟ್ಟಿಯೊಂದು ತೆರೆಯುತ್ತದೆ. ಅದರಲ್ಲಿ ತಂತಿ ಸಂಪರ್ಕವನ್ನು ಆರಿಸಿ, ಐಪಿವಿ4 ಎಂಬಲ್ಲಿ "ಆಟೊಮ್ಯಾಟಿಕ್" ಎಂದು ಇಡಬೇಕು. ರಾಸ್ಪ್‌ಬೆರಿ ಪೈ ವ್ಯವಸ್ಥೆಯಲ್ಲಿ 2023ರ ಅಕ್ಟೋಬರಿನ ಆವೃತ್ತಿಯಿಂದ ಈ ಕ್ರಮ ಬಂದಿದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ವಿಳಾಸವನ್ನು ಬೇರೊಂದು ಕಡತದಲ್ಲಿ ಬರೆಯುತ್ತಿದ್ದರು. ಹಳೆಯ ಕೈಪಿಡಿ ನೋಡಿ ಹೊಸ ಆವೃತ್ತಿಯನ್ನು ತಿದ್ದಹೊರಟರೆ ಬದಲಾವಣೆ ಜಾರಿಗೆ ಬರುವುದಿಲ್ಲ.

5. ರೂಟರ್ ಮತ್ತು ಹೊರಗಿನ ದಾರಿ

ವಿಳಾಸ ಸರಿಯಿದ್ದರೆ "ಐಪಿ ಆರ್" ಎಂಬ ಆದೇಶ ಕೊಡಿರಿ. "ಡಿಫಾಲ್ಟ್ ವಯಾ" ಎಂಬುದರ ಮುಂದಿರುವ ಸಂಖ್ಯೆಯೇ ರೂಟರಿನ ವಿಳಾಸ. ಈಗ "ಪಿಂಗ್" ಎಂದು ಒತ್ತಿ, ಸ್ಥಳ ಬಿಟ್ಟು, ಆ ಸಂಖ್ಯೆಯನ್ನು ಒತ್ತಬೇಕು. ಇದು ರೂಟರನ್ನು ಕೂಗಿ ಕರೆದಂತೆ. ಸಾಲು ಸಾಲಾಗಿ ಉತ್ತರ ಬಂದರೆ ಹೊಲದೊಳಗಿನ ದಾರಿ ಸರಿಯಿದೆ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೂಗು ನಿಂತು, ಎಷ್ಟು ಕೂಗಿಗೆ ಉತ್ತರ ಬರಲಿಲ್ಲವೆಂಬ ಲೆಕ್ಕ ಶೇಕಡದಲ್ಲಿ ಬರುತ್ತದೆ. ತಂತಿ ಸಂಪರ್ಕದಲ್ಲಿ ಈ ನಷ್ಟ ಸೊನ್ನೆಯಾಗಿರಬೇಕು. ಆಗಾಗ ನಷ್ಟ ಕಂಡರೆ ಕೇಬಲ್ ಅಥವಾ ಕನೆಕ್ಟರನ್ನು ಮತ್ತೆ ಪರೀಕ್ಷಿಸಬೇಕು.

ಅನಂತರ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿರಿ. ಇದು ಗೂಗಲ್ ಸಂಸ್ಥೆಯ ಸಾರ್ವಜನಿಕ ಸೇವೆಯೊಂದರ ವಿಳಾಸ. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ಹೆಚ್ಚಾಗಿ ರೂಟರಿನಿಂದಾಚೆ ಇರುತ್ತದೆ. ಇಂಟರ್‌ನೆಟ್ ಕೊಡುವವರಿಗೆ ತಿಳಿಸಬೇಕು. ಇದು ಉತ್ತರಿಸಿ, ಜಾಲತಾಣದ ಹೆಸರು ಕೊಟ್ಟಾಗ ಮಾತ್ರ ಸಿಗದಿದ್ದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ಏರ್ಪಾಟಿನಲ್ಲಿ ದೋಷವಿದೆ; ರೂಟರನ್ನು ಮತ್ತೆ ಆರಂಭಿಸಿದರೆ ಅನೇಕ ವೇಳೆ ಸರಿಹೋಗುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಪೈ 4 ಮತ್ತು ಅದರ ಹಿಂದಿನ ಮಾದರಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಅವು ವೇಳೆಯನ್ನು ಇಂಟರ್‌ನೆಟ್ಟಿನಿಂದ ಪಡೆಯುತ್ತವೆ. ಸಂಪರ್ಕವಿಲ್ಲದಾಗ ಕರೆಂಟು ಹೋಗಿ ಬಂದರೆ ಯಂತ್ರದ ತಾರೀಖು ಹಿಂದೆ ಬೀಳುತ್ತದೆ. ಆಗ ವರದಿ ಹೋಗದಿರುವುದಲ್ಲದೆ, ಬೆಳಿಗ್ಗೆ 6 ಗಂಟೆಗೆ ಬಿಡಬೇಕಾದ ನೀರನ್ನು ಇನ್ನಾವುದೋ ಹೊತ್ತಿನಲ್ಲಿ ಬಿಟ್ಟೀತು. "ಡೇಟ್" ಎಂಬ ಆದೇಶದಿಂದ ವೇಳೆಯನ್ನು ಪರೀಕ್ಷಿಸಬಹುದು. ನೀರು ಬಿಡುವ ಕೆಲಸಕ್ಕೆ ಬಳಸುವ ಯಂತ್ರಕ್ಕೆ ಬ್ಯಾಟರಿಯುಳ್ಳ ಗಡಿಯಾರದ ಬಿಡಿಭಾಗವನ್ನು ಹಾಕಿಸುವುದು ಅವಶ್ಯ.

ಲಕ್ಷಣ ಮತ್ತು ಪರಿಹಾರ: ಸಂಕ್ಷಿಪ್ತವಾಗಿ

ಎರಡೂ ಕಡೆ ದೀಪವಿಲ್ಲ — ಕೇಬಲ್, ಕನೆಕ್ಟರ್, ಸಾಕೆಟ್ ಪರೀಕ್ಷಿಸಿ. ಗಿಡ್ಡ ಕೇಬಲ್ ಹಾಕಿ ನೋಡಿ.

ಮೋಟರ್ ಚಾಲೂ ಆದಾಗ ಸಂಪರ್ಕ ತಪ್ಪುತ್ತದೆ — ಅಡಾಪ್ಟರ್ ಬದಲಿಸಿ. ಲ್ಯಾನ್ ಕೇಬಲ್ಲನ್ನು ಮೋಟರ್ ತಂತಿಯಿಂದ ಒಂದು ಅಡಿಯಾದರೂ ದೂರವಿಡಿ. ಎರಡನ್ನೂ ಒಂದೇ ಕೊಳವೆಯಲ್ಲಿ ಹಾಯಿಸಬೇಡಿ.

ಮಳೆ ಬಂದ ಮೇಲೆ ತಪ್ಪಿ, ಒಣಗಿದ ಮೇಲೆ ಬರುತ್ತದೆ — ಹೊದಿಕೆ ಬಿರಿದು ನೀರು ಸೇರಿದೆ. ಆ ಭಾಗ ಬದಲಿಸಿ.

ದೀಪವಿದೆ, ವಿಳಾಸ 169.254 — ರೂಟರನ್ನು ಮತ್ತೆ ಆರಂಭಿಸಿ.

ರೂಟರ್ ಬದಲಾದ ಮೇಲೆ ನಿಂತಿದೆ — ವಿಳಾಸದ ಸಾಲು ಹೊಂದುವುದೇ ನೋಡಿ.

ಮುಂಜಾಗ್ರತೆ ಕ್ರಮಗಳು

ಕರ್ನಾಟಕದಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಮತ್ತು ಹಿಂಗಾರಿನ ಆರಂಭದಲ್ಲಿ ಗುಡುಗು ಸಿಡಿಲು ಹೆಚ್ಚು. ಮೋಡ ಕಟ್ಟುವ ಮೊದಲೇ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಡಿಸಿಡುವುದು ಅತಿ ಅಗ್ಗದ ರಕ್ಷಣೆ. ಪಂಪ್‌ಹೌಸಿನ ಅರ್ತಿಂಗ್ ಸರಿಯಿರುವಂತೆ ನೋಡಿಕೊಳ್ಳಬೇಕು.

ಕೇಬಲ್ಲನ್ನು ಪಿವಿಸಿ ಕೊಳವೆಯಲ್ಲಿ ಹಾಯಿಸಿ, ಉಳುಮೆಯ ಆಳಕ್ಕಿಂತ ಕೆಳಗೆ ಹೂಳಬೇಕು. ಕೊಳವೆಯ ಬಾಯಿಗಳನ್ನು ಉಕ್ಕಿನ ನಾರು ತುರುಕಿ ಮುಚ್ಚಿದರೆ ಇಲಿ ಸೇರದು. ಕೇಬಲ್ ಪಂಪ್‌ಹೌಸಿನೊಳಗೆ ಬರುವ ಮೊದಲು ಕೆಳಕ್ಕೆ ಒಂದು ಕುಣಿಕೆಯಂತೆ ಬಳುಕಿಸಿ ಬಿಟ್ಟರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಸಂಪರ್ಕ ಸರಿಯಿರುವಾಗಲೇ ಮೆಮೊರಿ ಕಾರ್ಡಿನ ಒಂದು ಪ್ರತಿ ತೆಗೆದಿಡಬೇಕು. ಕಂಪ್ಯೂಟರಿನ ವಿಳಾಸ, ರೂಟರಿನ ವಿಳಾಸ, ಕೇಬಲ್ ಹೂಳಿದ ದಾರಿ ಇವುಗಳನ್ನು ಒಂದು ರಟ್ಟಿನ ಮೇಲೆ ಬರೆದು ಪಂಪ್‌ಹೌಸಿನ ಗೋಡೆಗೆ ತೂಗುಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳೆಯ ನೀರು ಸಂಪರ್ಕವನ್ನು ನಂಬಿ ಇರಬಾರದು. ಯಾವಾಗ ಎಷ್ಟು ನೀರು ಬಿಡಬೇಕೆಂಬುದು ಪಂಪ್‌ಹೌಸಿನ ಯಂತ್ರದಲ್ಲಿಯೇ ಇರಬೇಕು. ತಂತಿ ಬರೀ ಸುದ್ದಿ ತರುವಂತಿರಬೇಕು. ಮೋಟರ್ ಒಣಗಿ ಓಡದಂತೆ ತಡೆಯುವ ರಕ್ಷಕವೂ, ಕೈಯಿಂದ ತಿರುಗಿಸುವ ವಾಲ್ವೂ ಕಂಪ್ಯೂಟರಿನ ಹಂಗಿಲ್ಲದೆ ಕೆಲಸ ಮಾಡುವಂತಿರಬೇಕು. ವರದಿ ಬಾರದ ದಿನ ದುರಸ್ತಿಗೆ ಕೈಹಾಕುವ ಮೊದಲು ಸಾಲುಗಳಲ್ಲಿ ಒಮ್ಮೆ ನಡೆದು, ಹನಿ ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಗಿಡಕ್ಕೆ ನೀರು ಸಿಗುತ್ತಿದ್ದರೆ ಕೇಬಲ್ಲಿನ ದೋಷವನ್ನು ಆತುರವಿಲ್ಲದೆ ಹುಡುಕಬಹುದು.